ಮಿಂಚಿಗೆ ತೋಡಿದ ಗುಂಡಿ

ಗುಡುಗಿನ ಮೊದಲ ಸದ್ದು ಕಿವಿಗೆ ಬಿದ್ದರೆ ನಮ್ಮ ಪಪ್ಪ ಊಟದ ತಟ್ಟೆಯ ಮುಂದಿನಿಂದಲೂ ಎದ್ದುಬಿಡುತ್ತಿದ್ದರು. ಎಂಜಲು ಕೈಯನ್ನು ಬೆನ್ನ ಹಿಂದೆ ಮಡಚಿಕೊಂಡು, ಎಡಗೈಯಿಂದ ಒಂದೊಂದೇ ಪ್ಲಗ್ ಕೀಳುತ್ತ ಮನೆಯೆಲ್ಲ ಸುತ್ತುವರು. ಮೊದಲು ಟೀವಿ, ಅದರ ಬೆನ್ನಿಗೆ ಸಿಕ್ಕಿಸಿದ್ದ ಕೇಬಲ್ ವೈರು, ಆಮೇಲೆ ಫ್ರಿಜ್ಜು, ಕಡೆಗೆ ಮಿಕ್ಸಿ. ತುಟಿಯಲ್ಲಿ ಅರ್ಜುನನ ಹತ್ತು ಹೆಸರು ನಡೆದಿರುತ್ತಿತ್ತು. ಹೆಸರು ಮುಗಿಯುವುದಕ್ಕೂ ಮಿಕ್ಸಿಯ ಪ್ಲಗ್ ಕೈಗೆ ಬರುವುದಕ್ಕೂ ಸರಿಹೋಗುತ್ತಿತ್ತು. ಅವರು ಸಣ್ಣವರಿದ್ದಾಗ ಉಡುಪಿಯ ಕಡೆಯ ತಮ್ಮ ಊರಿನಲ್ಲಿ, ಅತ್ತೆಯ ಮನೆಯ ಹಟ್ಟಿಗೆ ಸಿಡಿಲು ಬಡಿದದ್ದನ್ನು ಕಣ್ಣಾರೆ ಕಂಡಿದ್ದರಂತೆ. ಎರಡು ದನಗಳು ನಿಂತಲ್ಲೇ ಮೊಣಕಾಲೂರಿದವು, ಮೈಮೇಲೆ ಒಂದು ಗೀರೂ ಇರಲಿಲ್ಲ, ಒಂದರ ಬಾಯಲ್ಲಿ ಇನ್ನೂ ಹುಲ್ಲಿತ್ತು ಎಂದು ಅವರು ಹೇಳುವಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಮುಂಬೈಯ ಕೋಟೆ ಪ್ರದೇಶದ ಆಫೀಸಿಗೆ ದಿನವೂ ಲೋಕಲ್ಲಿನಲ್ಲಿ ನೇತಾಡಿಕೊಂಡು ಹೋಗುತ್ತಿದ್ದ ಮನುಷ್ಯ, ಬೇರೆ ಯಾವುದಕ್ಕೂ ಹೆದರಿದ್ದನ್ನು ನಾನು ಕಂಡಿಲ್ಲ.

ಡೊಂಬಿವಲಿ ಪೂರ್ವದಲ್ಲಿ ನಾಲ್ಕು ಮಹಡಿಯ ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮ ಮನೆ. ಹಾಲು, ಒಳಗಿನ ಕೋಣೆ, ಅಡುಗೆಮನೆ, ಬಟ್ಟೆ ಒಣಗಿಸುವಷ್ಟೇ ಅಗಲದ ಒಂದು ಗ್ಯಾಲರಿ. ಗ್ಯಾಲರಿಯಲ್ಲಿ ನಿಂತರೆ ಕಟ್ಟಡಗಳ ಸಂದಿಯಲ್ಲಿ ದೂರದ ಮಲಂಗಗಡದ ಬೆಟ್ಟಸಾಲು ಕಾಣುತ್ತಿತ್ತು. ನಾನು ಆರನೆಯ ಕ್ಲಾಸಿಗೆ ಬಂದ ವರ್ಷ ಹಾಲಿನ ಮೂಲೆಯಲ್ಲಿದ್ದ ಶೋಕೇಸು ಒಳಗಿನ ಕೋಣೆಗೆ ಸರಿದು ಆ ಜಾಗದಲ್ಲಿ ಕಂಪ್ಯೂಟರ್ ಬಂತು. ಅದು ಅಮ್ಮನದು. ಮದುವೆಗೆ ಮೊದಲು ಉಡುಪಿಯಲ್ಲಿ ಕನ್ನಡ ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದ ಅಮ್ಮ, ಸ್ಟೇಷನ್ ಹತ್ತಿರದ ಕ್ಲಾಸಿನಲ್ಲಿ ಡಿಟಿಪಿ ಕಲಿತು, ಮನೆಯಲ್ಲೇ ಕೂತು ಕನ್ನಡದ ಮದುವೆ ಕಾಗದ, ಸಂಘದ ಆಮಂತ್ರಣ, ವೈಕುಂಠ ಸಮಾರಾಧನೆಯ ಪತ್ರ ಮಾಡಿಕೊಡುತ್ತಿದ್ದಳು. ಠಾಣೆ, ಕಲ್ಯಾಣದಿಂದಲೂ ಜನ ಬರುತ್ತಿದ್ದರು. ಆ ಮಷೀನಿಗೆ ಅಮ್ಮ ತನ್ನ ಹಳೆಯ ಸೀರೆಯಲ್ಲಿ ಹೊದಿಕೆ ಹೊಲಿದಿದ್ದಳು. ಅದರ ಮುಂದೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿರಲಿಲ್ಲ. ಬರಿಗಾಲಲ್ಲಿ ನಿಂತು ತಗಡಿನ ಪೆಟ್ಟಿಗೆಯನ್ನು ಮುಟ್ಟಿದರೆ ಬೆರಳ ತುದಿಯಲ್ಲಿ ಇರುವೆ ಹರಿದಂತೆ ಜುಮ್ಮೆನ್ನುತ್ತಿತ್ತು. ಅದಕ್ಕೂ ಜೀವ ಇದೆ ಎಂದು ನಾನು ನಂಬಿದ್ದೆ.

ಮದುವೆ ಕಾಗದಗಳ ನಡುವೆ ಅಮ್ಮ ಒಂದು ಪುಸ್ತಕದ ಕೆಲಸ ಹಿಡಿದಿದ್ದಳು. ಅದು ಭಾಗೀರಥಿ ಟೀಚರದು. ಧಾರವಾಡದಿಂದ ಬಂದು, ಇಲ್ಲಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು, ಒಂಟಿ ಹೆಂಗಸು. ಅವರ ಶಾಲೆಗೆ ಬರುತ್ತಿದ್ದ ಮಕ್ಕಳಲ್ಲಿ ಹೆಚ್ಚಿನವರು ಕಲಬುರಗಿ, ರಾಯಚೂರು, ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ, ಹಮಾಲಿಗೆ, ಭಿವಂಡಿಯ ಮಗ್ಗಗಳಿಗೆ ಬಂದವರ ಮಕ್ಕಳು. ಆ ಮಕ್ಕಳ ಅವ್ವಂದಿರು, ಅಜ್ಜಿಯರು ಹಾಡುತ್ತಿದ್ದ ಬೀಸುವ ಹಾಡುಗಳನ್ನು ಟೀಚರ್ ಜೋಪಡಿಗಳಲ್ಲಿ ಕೂತು ಬರೆದುಕೊಂಡು ಒಂಬತ್ತು ನೋಟ್‌ಬುಕ್ಕು ತುಂಬಿಸಿದ್ದರು. ಈಗ ಕಣ್ಣಿನ ನರ ಒಣಗಿ ಅವರಿಗೆ ಬೆಳಕು ಕತ್ತಲೆ ಬಿಟ್ಟರೆ ಏನೂ ತಿಳಿಯುತ್ತಿರಲಿಲ್ಲ. ವಾರಕ್ಕೆರಡು ಮಧ್ಯಾಹ್ನ ನಮ್ಮ ಮನೆಗೆ ಬಂದು ಹಾಲಿನ ನಡುವಿನ ಮರದ ಮಂಚದ ಮೇಲೆ ಕೂರುವರು. ಅಮ್ಮ ನೋಟ್‌ಬುಕ್ಕಿನಿಂದ ಓದುವಳು, ಟೀಚರ್ ನೆನಪಿನಿಂದ ತಿದ್ದುವರು, ತಿದ್ದಿದ್ದು ನೇರ ಮಷೀನಿಗೆ ಹೋಗುವುದು. ಅವಸರದಲ್ಲಿ ಅರ್ಧಂಬರ್ಧ ಬರೆದಿಟ್ಟ ಸಾಲುಗಳೆಲ್ಲ ಹಾಗೆ ಪೂರ್ತಿಯಾಗುತ್ತಿದ್ದವು. ಹಾಡಿದ ಮುದುಕಿಯರಲ್ಲಿ ಬದುಕಿದ್ದವರು ಬಹಳ ಕಡಿಮೆ.

ಜೂನ್ ತಿಂಗಳ ಮೊದಲ ಮಳೆಯ ಮುನ್ನ ಒಂದು ಸಂಜೆ ಪಪ್ಪ ಆಫೀಸಿನಲ್ಲಿದ್ದರು, ಅಮ್ಮ ಟೈಪು ಮಾಡುತ್ತಿದ್ದಳು. ಗುಡುಗು ಇನ್ನೂ ದೂರವಿತ್ತು. ಈ ಪುಟ ಮುಗಿಸಿ ಬಂದ್ ಮಾಡುತ್ತೇನೆ ಎಂದಳು. ಮಲಂಗಗಡದ ಕಡೆ ಒಂದು ಬಿಳಿ ಗೆರೆ ಇಳಿದದ್ದು ಕಂಡಿತು, ಅಷ್ಟೆ. ದೀಪ ಒಮ್ಮೆ ಕಣ್ಣು ಕುಕ್ಕುವಷ್ಟು ಉರಿದು ಆರಿಹೋಯಿತು. ಮಷೀನಿನ ಒಳಗೆ ಬೆರಳ ನೆಟಿಕೆ ಮುರಿದಂತೆ ಒಂದು ಸಣ್ಣ ಸದ್ದು. ಆಮೇಲೆ ಸುಟ್ಟ ವಾಸನೆ. ರಿಪೇರಿಯವನು ಬಂದು ಪೆಟ್ಟಿಗೆ ಬಿಚ್ಚಿ ಒಳಗಿನ ಕಪ್ಪು ಕಲೆ ತೋರಿಸಿದ. ಬೇರೆ ಭಾಗ ಹಾಕಬಹುದು, ಆದರೆ ಒಳಗೆ ಬರೆದಿಟ್ಟದ್ದು ಹೋಯಿತು ಎಂದ. ನಾಲ್ಕು ತಿಂಗಳ ಕೆಲಸ. ಅಷ್ಟು ದೂರದ ಬೆಟ್ಟಕ್ಕೆ ಬಿದ್ದ ಬೆಂಕಿ ಕಂಬಗಳ ಮೇಲೆ ಓಡಿಬಂದು, ಮೂರು ಮಹಡಿ ಹತ್ತಿ, ನಮ್ಮ ಮನೆಯ ಆ ಮೂಲೆಯನ್ನೇ ಹುಡುಕಿಕೊಂಡು ಬಂತಲ್ಲ ಎಂದು ನನಗೆ ಹೆದರಿಕೆಗಿಂತ ಬೆರಗೇ ಹೆಚ್ಚಾಗಿತ್ತು. ಎಷ್ಟೋ ದಿನ ಬೀದಿಯ ವೈರುಗಳನ್ನು ತಲೆಯೆತ್ತಿ ನೋಡುತ್ತಲೇ ಶಾಲೆಗೆ ನಡೆಯುತ್ತಿದ್ದೆ.

ಅಂದಿನ ಊಟದ ಹೊತ್ತಿಗೆ ಮನೆಯಲ್ಲಿ ಜಗಳವಾಯಿತು. ಪಪ್ಪ ಕೂಗಾಡುವವರಲ್ಲ. ಅನ್ನ ಕಲಸುತ್ತ, ಈ ಮಷೀನು ಮನೆಗೆ ಬೇಡ, ಅದರ ಮುಂದೆ ಕೂತವಳ ಕೈ ಅದರ ಮೇಲೇ ಇತ್ತು, ನಾಳೆ ಮಗಳು ಕೂತಿದ್ದರೆ ಏನು ಗತಿ ಎಂದರು. ಅಮ್ಮ ಬಡಿಸಿದಳು. ತಾನು ಬಡಿಸಿಕೊಳ್ಳಲಿಲ್ಲ. ಕಡೆಗೆ ಹೇಳಿದಳು:

"ನೀವು ಮಿಂಚಿಗೆ ಹೆದರುದು ನಂಗೆ ಗೊತ್ತುಂಟು. ಆದ್ರೆ ಟೀಚರಿಗೆ ನಾನು ಎಂತ ಹೇಳ್ಲಿ? ಅವರು ತಿದ್ದಿದ್ದೆಲ್ಲ ಹೋಯ್ತು, ಇನ್ನೊಂದು ಸಲ ಬರೀಲಿಕ್ಕೆ ಅವರಿಗೆ ಕಣ್ಣಿಲ್ಲ."

ಮರುದಿನ ಅಮ್ಮ ನನ್ನನ್ನು ಕರೆದುಕೊಂಡು ಟೀಚರ ಮನೆಗೆ ಹೋಗಿ ವಿಷಯ ಹೇಳಿದಳು. ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಅಳಲಿಲ್ಲ, ಬೈಯಲಿಲ್ಲ. ಆಮೇಲೆ, ನಮ್ಮ ಶರಣಪ್ಪನನ್ನು ಕರೆಸುತ್ತೇನೆ, ಅವನಿಗೆ ಇದರ ಮದ್ದು ಗೊತ್ತು ಎಂದರು. ಶರಣಪ್ಪನ ಮಗಳು ಅವರ ಶಾಲೆಯಲ್ಲಿ ಓದಿದವಳು. ಅವನ ತಾಯಿ ಹಾಡಿದ ಹಾಡುಗಳು ಮೂರನೆಯ ನೋಟ್‌ಬುಕ್ಕಿನಲ್ಲಿದ್ದವು.

ಶರಣಪ್ಪ ಒಂದು ಭಾನುವಾರ ಬೇಲಾಪುರದ ಸೈಟಿನಿಂದ ಬಸ್ಸು, ಲೋಕಲ್ಲು ಬದಲಿಸಿಕೊಂಡು ಬಂದ. ಕಲಬುರಗಿಯ ಕಡೆಯ ಎತ್ತರದ ಮನುಷ್ಯ, ತಲೆಗೆ ಟವೆಲು, ಜೇಬಿನಲ್ಲಿ ಪೆನ್ನಿನ ಬದಲು ಟೆಸ್ಟರು. ನವಿ ಮುಂಬೈಯಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡಗಳಿಗೆ, ಕರೆಂಟನ್ನು ಮಣ್ಣಿಗೆ ಇಳಿಸುವ ಅರ್ಥಿಂಗ್ ಗುಂಡಿ ತೋಡುವ ತಂಡದಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದ್ದನಂತೆ. ಚಪ್ಪಲಿ ಹೊರಗೆ ಬಿಟ್ಟು ಬಂದವನು ನೀರನ್ನೂ ಕೇಳದೆ, ರಿಪೇರಿಯಾಗಿ ಬಂದಿದ್ದ ಮಷೀನಿನ ತಗಡಿಗೆ ಟೆಸ್ಟರ್ ಮುಟ್ಟಿಸಿದ. ಅದರೊಳಗಿನ ಕೆಂಪು ದೀಪ ಮಿಣಮಿಣ ಉರಿಯಿತು. ನಾನು ಜೀವ ಎಂದುಕೊಂಡಿದ್ದು ಅದೇ. ಆಮೇಲೆ ಗೋಡೆಯ ಸಾಕೆಟ್ ಬಿಚ್ಚಿ ನನ್ನನ್ನು ಕರೆದು ತೋರಿಸಿದ. ಹೊರಗಿನಿಂದ ನೋಡಿದರೆ ಮೂರು ತೂತು. ಕೆಳಗಿನ ಎರಡರ ಹಿಂದೆ ವೈರುಗಳಿದ್ದವು. ಮೇಲಿನ ದೊಡ್ಡ ತೂತಿನ ಹಿಂದೆ ಏನೂ ಇರಲಿಲ್ಲ, ಬರೀ ಸಿಮೆಂಟಿನ ಧೂಳು.

"ಇದು ಮಣ್ಣಿಗೆ ಹೋಗೋ ದಾರಿ, ಅಕ್ಕಾರ. ಬಿಲ್ಡರ್ ತೂತು ಕೊಟ್ಟಾನ, ದಾರಿ ಕೊಟ್ಟಿಲ್ಲ. ಹೆಚ್ಚಿನ ಕರೆಂಟ್ ಬಂದ್ರ ಅದು ಎಲ್ಲಿಗಿ ಹೋಗಬೇಕು? ಮಷೀನಿನಾಗೇ ಸಾಯ್ತದ."

ಈಗ ನಾನಿರುವುದು ಐರೋಲಿಯ ಹೊಸ ಕಟ್ಟಡದಲ್ಲಿ. ಈ ಮನೆ ನೋಡಲು ಬಂದ ದಿನ ಎಲ್ಲರೂ ಕಿಟಕಿಯಿಂದ ಖಾಡಿಯ ಹಿನ್ನೀರು ನೋಡುತ್ತಿದ್ದಾಗ ನಾನು ಏಜೆಂಟನ ಕೈಯಲ್ಲಿ ಒಂದು ಸಾಕೆಟ್ ಬಿಚ್ಚಿಸಿ ಆ ತೂತಿನ ಹಿಂದೆ ಮಣ್ಣಿಗೆ ಹೋಗುವ ಹಸಿರು ವೈರು ಇದೆಯೇ ಎಂದು ನೋಡಿದ್ದೆ. ಕಾಣುವ ತೂತನ್ನು ನಂಬದೆ ಅದರ ಹಿಂದೆ ಏನಿದೆ ಎಂದು ನೋಡುವ ಅಭ್ಯಾಸ ನನಗೆ ಅಂಟಿಕೊಂಡದ್ದು ಆ ಭಾನುವಾರ.

ಗುಂಡಿ ತೋಡಬೇಕಿದ್ದದ್ದು ಕಟ್ಟಡದ ಹಿಂದಿನ ಕಂಪೌಂಡಿನಲ್ಲಿ. ಅದಕ್ಕೆ ಸೊಸೈಟಿಯ ಸೆಕ್ರೆಟರಿ ಕುಲಕರ್ಣಿ ಕಾಕಾ ಒಪ್ಪಲಿಲ್ಲ. ನೀರಿನ ಪೈಪು ಒಡೆದರೆ, ಪಾಯ ಅಲುಗಿದರೆ ಯಾರು ಹೊಣೆ, ಒಂದು ಮನೆಯ ಕಂಪ್ಯೂಟರಿಗಾಗಿ ಕಟ್ಟಡದ ಬುಡ ಅಗೆಯುತ್ತಾರೆಯೇ ಎಂದು ಮರಾಠಿಯಲ್ಲಿ ಕೇಳಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ನಿಜವಾದ ಆತಂಕವಿತ್ತು. ಶರಣಪ್ಪ ವಾದಿಸಲಿಲ್ಲ. ತನ್ನ ಕೆಲಸದ ಹಿಂದಿಯಲ್ಲಿ, ಸಾಹೇಬ್ರೇ ನಿಮ್ಮ ಫ್ರಿಜ್ಜೊಂದು ನೋಡಲೇ ಎಂದ. ಟೆಸ್ಟರ್ ಮುಟ್ಟಿಸಿದೊಡನೆ ಫ್ರಿಜ್ಜಿನ ಹಿಡಿಕೆಯಲ್ಲೂ ಅದೇ ಕೆಂಪು ದೀಪ. ಆಗ ಕಾಕಾರ ಹೆಂಡತಿ ಕುಲಕರ್ಣಿ ಕಾಕು ಅಡುಗೆಮನೆಯಿಂದ ಬಂದು, ನಾನು ಮೂರು ವರ್ಷದಿಂದ ರಬ್ಬರ್ ಚಪ್ಪಲಿ ಹಾಕಿಕೊಂಡೇ ಹಾಲು ತೆಗೆಯುತ್ತೇನೆ, ಕೈ ಜುಮ್ಮೆನ್ನುತ್ತದೆ ಅಂದರೆ ಅದು ವಯಸ್ಸಿನ ವಾತ ಅಂದಿರಲ್ಲ ಎಂದು ಗಂಡನನ್ನು ನೋಡಿದರು. ಕಾಕಾ ಕನ್ನಡಕ ಒರೆಸಿಕೊಂಡರು. ಮರುವಾರ ಮೀಟಿಂಗಿನಲ್ಲಿ ಇಡೀ ಕಟ್ಟಡಕ್ಕೇ ಅರ್ಥಿಂಗ್ ಆಗಲಿ ಎಂದು ಅವರೇ ಎದ್ದುನಿಂತು ಹೇಳಿದರು. ಪಪ್ಪನೂ ಕೈ ಎತ್ತಿದರು. ಅಮ್ಮ ಅವರ ಕಡೆ ನೋಡಿದ್ದು ನನಗೆ ನೆನಪಿದೆ.

ಮಳೆ ಬಿಡುವು ಕೊಟ್ಟ ಎರಡು ಭಾನುವಾರ ಶರಣಪ್ಪ ಇನ್ನಿಬ್ಬರ ಜೊತೆ ಗುಂಡಿ ತೋಡಿದ. ಆಳು ಮುಳುಗಿ ಮೇಲೆ ಇನ್ನೊಂದು ಮೊಳ. ಮೇಲಿನ ಕಲ್ಲುಗೊಚ್ಚು ಮುಗಿದ ಮೇಲೆ ಕೆಮ್ಮಣ್ಣು, ಅದರ ಕೆಳಗೆ ಬೂದುಬಣ್ಣದ ತಣ್ಣನೆಯ ಜೇಡಿ. ಡೊಂಬಿವಲಿಯಲ್ಲಿ ಹುಟ್ಟಿದ ನನಗೆ ನೆಲ ಎಂದರೆ ಟೈಲ್ಸು, ಡಾಂಬರು, ಪ್ಲಾಟ್‌ಫಾರಮ್ಮು. ಕಾಲ ಕೆಳಗೆ ಇಷ್ಟು ದಿನ ಇದೆಲ್ಲ ಇತ್ತೆಂದು ಅಂಚಿನಲ್ಲಿ ಕೂತು ನೋಡಿದಷ್ಟೂ ಸಾಲದು. ತಳದಲ್ಲಿ ಊಟದ ಮಣೆಯಷ್ಟಗಲದ ತಾಮ್ರದ ತಗಡು ನಿಲ್ಲಿಸಬೇಕಿತ್ತು. ಅದನ್ನು ಇಳಿಸುವ ಮುನ್ನ ಕಾಕು ಅರಿಸಿನ ಕುಂಕುಮ ತಂದು ತಗಡಿಗೆ ಹಚ್ಚಿದರು. ಮನೆಗೆ ಹೊಸ ಸೊಸೆ ಬರುವಾಗ ನಿಲ್ಲುವಂತೆ ಹೆಂಗಸರೆಲ್ಲ ಸುತ್ತ ನಿಂತಿದ್ದರು. ಆಮೇಲೆ ಒಂದು ಪದರ ಇದ್ದಿಲು, ಒಂದು ಪದರ ಹರಳುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು. ಉಪ್ಪು ನೀರನ್ನು ಹಿಡಿದಿಡುತ್ತದೆ, ಒದ್ದೆ ಮಣ್ಣು ಮಿಂಚನ್ನು ಬೇಗ ಕುಡಿಯುತ್ತದೆ ಎಂದ ಶರಣಪ್ಪ. ಎಷ್ಟು ಕುಡಿಯುತ್ತದೆ ಎಂದು ಕೇಳಿದೆ. ಅವನು ಗುಂಡಿಯೊಳಗಿಂದಲೇ ತಲೆಯೆತ್ತಿ ನನ್ನನ್ನು ನೋಡಿದ.

"ಎಷ್ಟ್ ಕೊಟ್ರೂ ಕುಡೀತಾಳ, ಮಗಳ. ಆಕಿಗಿ ಅದೇನ್ ಲೆಕ್ಕ. ನಾವು ದಾರಿ ಮಾಡಿ ಕೊಡಬೇಕು, ಅಷ್ಟ."

ಚಹಾ ಕುಡಿಯುವಾಗ ಅಮ್ಮ ಮತ್ತೆ ಮೊದಲಿನಿಂದ ಟೈಪು ಮಾಡುತ್ತಿದ್ದ ಹಾಡನ್ನು ಓದುತ್ತಿದ್ದಳು. ಶರಣಪ್ಪ ಬಾಗಿಲಲ್ಲೇ ಲೋಟ ಹಿಡಿದು ನಿಂತು ಕೇಳಿದ. 'ಹಂತ' ಎಂದು ಅಮ್ಮ ಓದಿದ ಕಡೆ ಮೆಲ್ಲಗೆ, ಅದು ಹಂತಿ ಅಕ್ಕಾರ, ಕಣದಲ್ಲಿ ಎತ್ತು ಕಟ್ಟಿ ರಾಶಿ ತುಳಿಸುವುದು ಎಂದ. ಕರಾವಳಿಯ ಅಮ್ಮ ಅದನ್ನು ಬರವಣಿಗೆಯ ತಪ್ಪೆಂದುಕೊಂಡು ಇಷ್ಟು ದಿನ ಟೈಪು ಮಾಡುವಾಗ ತಾನೇ ತಿದ್ದುತ್ತ ಬಂದಿದ್ದಳು. ಅದು ತನ್ನ ಅವ್ವನ ಹಾಡೆಂದು ಅವನು ಹೇಳಲಿಲ್ಲ. ಹೇಳಿದವರು ಟೀಚರು, ಅವನು ಹೋದ ಮೇಲೆ. ಹೊರಡುವ ಮುನ್ನ ಅವನು ತಾಮ್ರದ ತಗಡಿನಿಂದ ಮೇಲೆ ತಂದಿದ್ದ ಹಸಿರು ವೈರನ್ನು ಸಾಕೆಟ್ಟಿನ ಮೂರನೆಯ ತೂತಿಗೆ ಸೇರಿಸಿ, ಮಷೀನಿಗೆಂದು ಒಂದು ಸ್ಪೈಕ್ ಗಾರ್ಡು ಸಿಕ್ಕಿಸಿಕೊಟ್ಟ. ಅದರೊಳಗೆ ಬಟನ್ನಿನಷ್ಟು ದೊಡ್ಡ ಒಂದು ಬಿಲ್ಲೆ ಇದೆ, ಮಿತಿಮೀರಿ ಬಂದದ್ದನ್ನು ಅದು ಮೂರನೆಯ ವೈರಿಗೆ ತಳ್ಳುತ್ತದೆ ಎಂದ. ಆದರೆ ಇದೆಲ್ಲ ಇದೆಯೆಂದು ಧೈರ್ಯ ಮಾಡಬೇಡಿ, ದೂರದಲ್ಲಿ ಗುಡುಗಿದರೂ ಪಿನ್ ಕಿತ್ತುಬಿಡಿ, ಹತ್ತಿರ ಬಂದ ಮೇಲೆ ಮಾತ್ರ ಯಾವ ವೈರನ್ನೂ ಮುಟ್ಟಬೇಡಿ ಎಂದು ಎರಡೆರಡು ಸಲ ಹೇಳಿದ.

ಮಳೆಗಾಲವಿಡೀ ಅಮ್ಮ ಹೋದದ್ದನ್ನೆಲ್ಲ ಮತ್ತೆ ಕಟ್ಟಿದಳು. ಪ್ರತಿ ಹಾಡನ್ನೂ ಫ್ಲಾಪಿಗೆ ತೆಗೆದು ಸ್ಟೀಲ್ ಡಬ್ಬಿಯಲ್ಲಿ ಇಡುತ್ತಿದ್ದಳು. ಅಕ್ಟೋಬರಿನಲ್ಲಿ ಪುಸ್ತಕ ಪ್ರೆಸ್ಸಿಗೆ ಹೋಗುವ ಹೊತ್ತಿಗೆ ಡಬ್ಬಿ ತೆರೆದರೆ ಫ್ಲಾಪಿಗಳಿಗೆಲ್ಲ ಬೂಷ್ಟು ಹಿಡಿದಿತ್ತು. ಮಷೀನು ಒಂದನ್ನೂ ಓದಲಿಲ್ಲ. ಒಂಬತ್ತೂ ನೋಟ್‌ಬುಕ್ಕಿನ ಟೈಪು, ಟೀಚರ ಅಷ್ಟೂ ತಿದ್ದುಪಡಿ ಈಗ ಆ ಒಂದು ಪೆಟ್ಟಿಗೆಯಲ್ಲಿ ಮಾತ್ರ. ಟೀಚರ್ ಬಂದಿದ್ದ ಮಧ್ಯಾಹ್ನವೇ ಇದು ಗೊತ್ತಾದದ್ದು. ಅಮ್ಮ ಹೊಸ ಫ್ಲಾಪಿ ತರಲು ಸ್ಟೇಷನ್ ಕಡೆ ಹೊರಟಳು. ತೆರೆದ ಪುಟ ಹಾಗೇ ಇದೆ, ಮಷೀನು ಬಂದ್ ಮಾಡಬೇಡ, ಅರ್ಧ ಗಂಟೆಯಲ್ಲಿ ಬರುತ್ತೇನೆ, ಟೀಚರಿಗೆ ಚಹಾ ಮಾಡಿಕೊಡು ಎಂದು ನನಗೆ ಹೇಳಿದಳು.

ನಾನು ಚಹಾಕ್ಕೆ ಶುಂಠಿ ಜಜ್ಜುತ್ತಿದ್ದೆ. ಅಡುಗೆಮನೆಯ ಕಿಟಕಿ ಇದ್ದಕ್ಕಿದ್ದಂತೆ ಕಪ್ಪಾಯಿತು. ಗ್ಯಾಲರಿಗೆ ಓಡಿ ನೋಡಿದರೆ ಮಲಂಗಗಡವೇ ಇರಲಿಲ್ಲ. ಅದಿದ್ದ ಕಡೆಯಿಂದ ಮೋಡದ ಗೋಡೆಯೊಂದು ನಮ್ಮತ್ತ ಬರುತ್ತಿತ್ತು. ದೂರದಲ್ಲಿ ಒಮ್ಮೆ ಗುಡುಗಿತು. ಆಗಲೇ ಕೀಳಬೇಕಿತ್ತು. ಆದರೆ ಅಮ್ಮ ಬಂದ್ ಮಾಡಬೇಡ ಎಂದಿದ್ದಳು, ತೆರೆದ ಪುಟವನ್ನು ಉಳಿಸುವುದು ಹೇಗೆಂದು ನನಗೆ ತಿಳಿಯದು. ಹೀಗೇ ನಿಂತು ಯೋಚಿಸಿದ ಎರಡು ಮೂರು ನಿಮಿಷದಲ್ಲಿ ಗುಡುಗು ಲೋಕಲ್ ಗಾಡಿಯಂತೆ ಹತ್ತಿರ ಬಂದುಬಿಟ್ಟಿತು. ಟೀಚರ್ ಮಂಚದ ಮೇಲೆ ಗ್ಯಾಲರಿಗೆ ಮುಖ ಮಾಡಿ ಕೂತಿದ್ದರು. ಮಿಂಚಿದಾಗಲೆಲ್ಲ ಅವರ ತುಟಿ ಸ್ವಲ್ಪ ತೆರೆಯುತ್ತಿತ್ತು. ಅವರ ಕಣ್ಣಿಗೆ ಇನ್ನೂ ಕಾಣುತ್ತಿದ್ದ ಒಂದೇ ಒಂದು ಸಂಗತಿ ಅದು. ಮಿಂಚಿಗೂ ಸದ್ದಿಗೂ ನಡುವೆ ಅವರು ಬಾಯೊಳಗೇ ಎಣಿಸುತ್ತಿದ್ದರು. ಆರು. ಆಮೇಲೆ ನಾಲ್ಕು. ಆಮೇಲೆ ಎರಡು. ನಾನು ಮಷೀನಿನ ಪ್ಲಗ್ಗಿನತ್ತ ಓಡಿದೆ. ಮಂಚದ ಪಕ್ಕದಿಂದ ಹಾದುಹೋಗುವಾಗ ಅವರ ಕೈ ಚಾಚಿ ನನ್ನ ಮುಂಗೈಯನ್ನು ಹಿಡಿಯಿತು. ಕಾಣದವರು ಅಷ್ಟು ಸರಿಯಾಗಿ ಹೇಗೆ ಹಿಡಿದರೋ.

"ಮುಟ್ಟಬ್ಯಾಡ."

"ಟೀಚರ್, ಪುಸ್ತಕ ಎಲ್ಲ ಅದ್ರಲ್ಲೇ ಉಂಟು."

"ಹೋದರ ಹೋಗ್ಲಿ. ನೀ ಇಲ್ಲೆ ಕೂಡು. ಕಾಲು ಮ್ಯಾಲ ತಗೋ."

ನಾನು ಕೈ ಬಿಡಿಸಿಕೊಳ್ಳಲು ಎಳೆದೆ. ಅವರು ಬಿಡಲಿಲ್ಲ. ಅಷ್ಟು ಸಣಕಲು ಮೈಯಲ್ಲಿ ಆ ಬಲ ಎಲ್ಲಿತ್ತೋ, ಗಾಜಿನ ಬಳೆಗಳು ನನ್ನ ಚರ್ಮಕ್ಕೆ ಒತ್ತಿದವು. ನನ್ನನ್ನು ಮಂಚದ ಮೇಲೆಳೆದುಕೊಂಡು ತೋಳಲ್ಲಿ ಅವುಚಿದರು. ಮುಂದಿನ ಸಲ ಎಣಿಸಲು ಏನೂ ಉಳಿದಿರಲಿಲ್ಲ. ಬೆಳಕೂ ಸದ್ದೂ ಒಂದೇ ಆಗಿ ಪಕ್ಕದ ಕಟ್ಟಡದ ಟೆರೇಸಿನ ಮೇಲೆ ಇಳಿದವು. ಕೋಣೆಯಲ್ಲಿ ಯಾವುದಕ್ಕೂ ನೆರಳಿರಲಿಲ್ಲ. ಕ್ಯಾಲೆಂಡರು, ಕುರ್ಚಿಯ ಕಾಲು, ನೆಲದ ಮೇಲಿದ್ದ ನನ್ನ ಹೇರ್‌ಪಿನ್ನು, ಎಲ್ಲವೂ ಬಿಳುಪಿನಲ್ಲಿ ಬಿಡಿಬಿಡಿಯಾಗಿ ನಿಂತಿದ್ದವು. ಅಡುಗೆಮನೆಯ ಸ್ಟೀಲ್ ತಟ್ಟೆಗಳು ಒಟ್ಟಿಗೆ ಗುನುಗಿದವು. ಮಷೀನಿನ ಕಡೆಯಿಂದ ಪಟಾಕಿ ಸಿಡಿದಂತೆ ಒಂದು ಸದ್ದು ಬಂತು. ತೆರೆಯ ಮೇಲಿದ್ದ ಕನ್ನಡದ ಅಕ್ಷರಗಳು ಒಂದು ಚುಕ್ಕೆಯಾಗಿ ಕುಗ್ಗಿ ಆರಿಹೋದವು. ಸಿಡಿಲನ್ನು ನಾನು ಅಷ್ಟು ಹತ್ತಿರದಿಂದ ಮತ್ತೆಂದೂ ನೋಡಿಲ್ಲ. ಹೆದರಿಕೆ ಆಮೇಲೆ ಬಂತು. ಆ ಗಳಿಗೆಯಲ್ಲಿ ದೇವರ ಕೋಣೆಯ ಬಾಗಿಲು ತಟಕ್ಕನೆ ತೆರೆದುಕೊಂಡಂತೆ ಬಾಯಿಬಿಟ್ಟು ನೋಡುತ್ತಿದ್ದೆ. ಟೀಚರ ಮುಖದ ಮೇಲೂ ಅದೇ ಇತ್ತು. ಎಷ್ಟು ಬೆಳಕು ಅಂತ ಅವರು ಮೆಲ್ಲಗೆ ಅಂದದ್ದು ನನ್ನ ಕಿವಿಗೆ ಬಿತ್ತು.

ಅಮ್ಮ ತೊಪ್ಪೆಯಾಗಿ ಓಡಿಬಂದಳು. ಫ್ಲಾಪಿಯ ಡಬ್ಬಿ ಪ್ಲಾಸ್ಟಿಕ್ ಚೀಲದಲ್ಲಿ, ಚೀಲ ಎದೆಗವಚಿದ ಸೆರಗಿನೊಳಗೆ. ಸುಟ್ಟ ವಾಸನೆ ಅವಳ ಮೂಗಿಗೆ ಬಾಗಿಲಲ್ಲೇ ತಾಗಿರಬೇಕು. ಮಷೀನು ನೋಡಿದಳು, ನನ್ನ ಮುಂಗೈಯ ಮೇಲಿನ ಕೆಂಪು ಗುರುತು ನೋಡಿದಳು. ನಡೆದದ್ದನ್ನು ನಾನು ಹೇಳಿದೆ. ಅವಳು ಮಷೀನಿನ ಹತ್ತಿರ ಹೋಗಲೇ ಇಲ್ಲ. ಒದ್ದೆ ಸೀರೆಯಲ್ಲೇ ಟೀಚರ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟಳು. ಟೀಚರ್ ಪುಸ್ತಕದ ಸುದ್ದಿ ಎತ್ತಲಿಲ್ಲ. ಹುಡುಗಿ ಮಧ್ಯಾಹ್ನ ಏನಾದರೂ ತಿಂದಿದ್ದಾಳೆಯೇ ಎಂದು ಕೇಳಿದರು. ಮಳೆ ನಿಂತ ಮೇಲೆ ಅಮ್ಮ ಅವರನ್ನು ಕೈಹಿಡಿದು ಮನೆಗೆ ಬಿಟ್ಟುಬಂದಳು. ದಾರಿಯಲ್ಲೂ ಅವರು ಕೇಳಲಿಲ್ಲವಂತೆ.

ಪಕ್ಕದ ಕಟ್ಟಡದಲ್ಲಿ ಟೀವಿ, ಫ್ರಿಜ್ಜು, ಫೋನು ಸುಡದ ಮನೆಯಿರಲಿಲ್ಲ. ನಮ್ಮಲ್ಲೂ ಕೇಬಲ್ ವೈರು ಕೀಳದೆ ಬಿಟ್ಟಿದ್ದ ಮೂರು ಮನೆಗಳ ಟೀವಿ ಹೋದವು. ಕರೆಂಟು ಬಂದದ್ದು ಬೆಳಿಗ್ಗೆ. ಪಪ್ಪ ಸ್ಪೈಕ್ ಗಾರ್ಡನ್ನು ಕಿತ್ತು ಬಿಚ್ಚಿದರು. ಒಳಗೆ ಮಸಿ, ಬಿಲ್ಲೆ ಒಡೆದು ಎರಡು ಹೋಳು. ಶರಣಪ್ಪ ಬರುವವರೆಗೆ ಕಾಯೋಣ ಎಂದರು. ಅಮ್ಮನಿಗೆ ಕಾಯಲಾಗಲಿಲ್ಲ. ಆಕಾಶ ತಿಳಿಯಾಗಿದ್ದನ್ನು ನೋಡಿ ಮಷೀನಿನ ಪಿನ್ನನ್ನು ನೇರ ಗೋಡೆಗೆ ಹಾಕಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು ಪಪ್ಪನ ಕಡೆ ನೋಡಿದಳು. ಪಪ್ಪ ಹೂಂ ಎಂದರು. ಒಂದು ಬೀಪು. ಆಮೇಲೆ ಒಳಗಿನಿಂದ ಕಟಕಟ ಸದ್ದು, ತೆರೆಯ ಮೇಲೆ ಬೆಳಕು. ಅಮ್ಮ ಒಂದೊಂದೇ ನೋಟ್‌ಬುಕ್ಕಿನ ಫೈಲು ತೆರೆದಳು. ಹಿಂದಿನ ದಿನ ತೆರೆದಿದ್ದ ಅರ್ಧ ಪುಟವೊಂದು ಬಿಟ್ಟರೆ ಒಂಬತ್ತೂ ಇದ್ದವು. ಪಪ್ಪ ಆಫೀಸಿನ ಹೊತ್ತು ಮರೆತು ಗೋಡೆಗೊರಗಿ ನಿಂತಿದ್ದರು. ಮುಂದಿನ ಭಾನುವಾರ ಬಂದ ಶರಣಪ್ಪ ಒಡೆದ ಬಿಲ್ಲೆಯನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದ. ಇದು ಸತ್ತು ಅದನ್ನು ಉಳಿಸಿದೆ, ಆದರೆ ಪ್ರತಿ ಸಲ ಹೀಗೇ ಆಗುತ್ತದೆಂದು ತಿಳಿಯಬೇಡಿ, ಟೀಚರು ಹುಡುಗಿಯ ಕೈ ಹಿಡಿದದ್ದು ದೊಡ್ಡದು ಎಂದ.

ಆ ಬೆಳಿಗ್ಗೆ ಒಂಬತ್ತೂ ಫೈಲುಗಳನ್ನು ಹೊಸ ಫ್ಲಾಪಿಗಳಿಗೆ ಎರಡೆರಡು ಸಲ ತೆಗೆದಿಟ್ಟು ನಾನೂ ಅಮ್ಮನೂ ಟೀಚರ ಮನೆಗೆ ಓಡಿದೆವು. ಸಾಲುಮನೆಗಳ ಹಳೆಯ ಚಾಳಿನ ಒಂದು ಕೋಣೆ, ಅಲ್ಲಿ ಪ್ರತಿ ಡಬ್ಬಿಯೂ ಅವರ ಕೈಗೆ ಗೊತ್ತಿತ್ತು. ಬಾಗಿಲ ಹತ್ತಿರ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಎಲ್ಲ ಉಳಿದಿದೆ ಟೀಚರ್, ಒಂಬತ್ತೂ ಉಂಟು ಎಂದು ಅಮ್ಮ ಒಂದೇ ಉಸಿರಿನಲ್ಲಿ ಹೇಳಿದಳು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಸೊಪ್ಪಿನ ತಟ್ಟೆ ಪಕ್ಕಕ್ಕಿಟ್ಟು ಎದ್ದರು.

"ಛಲೋ ಆತು. ಕೂಡ್ರಿ, ಚಹಾ ಮಾಡ್ತೀನಿ."

ಪಾತ್ರೆ ಇಟ್ಟು ಗ್ಯಾಸಿನ ನಾಬು ತಿರುಗಿಸಿದರು. ಲೈಟರ್ ಒತ್ತಿದರು. ಕಿಡಿ ಬರ್ನರಿನಿಂದ ಗೇಣು ದೂರ ಹಾರಿತು. ಮತ್ತೆ ಒತ್ತಿದರು, ಲೈಟರು ಪಾತ್ರೆಗೆ ತಾಗಿ ಟಣಟಣ ಎಂದಿತು. ಅವರ ಕೈ ನಡುಗುತ್ತಿತ್ತು. ಮೊಣಕೈವರೆಗೂ, ಭುಜದವರೆಗೂ ನಡುಗುತ್ತಿತ್ತು. ಹಿಂದಿನ ದಿನ ಸಿಡಿಲು ಬಿದ್ದಾಗ ನನ್ನನ್ನು ಹಿಡಿದಿದ್ದ ಆ ಕೈ ಒಂದಿಷ್ಟೂ ಅಲುಗಿರಲಿಲ್ಲ. ಅಮ್ಮ ಎದ್ದುಹೋಗಿ ಗ್ಯಾಸು ಬಂದ್ ಮಾಡಿ, ಲೈಟರನ್ನು ಮೆಲ್ಲಗೆ ಬಿಡಿಸಿಕೊಂಡು, ಆ ಎರಡೂ ಕೈಗಳನ್ನು ತನ್ನ ಕೈಗಳೊಳಗೆ ತೆಗೆದುಕೊಂಡಳು. ನಡುಕ ನಿಲ್ಲುವವರೆಗೆ ಅಮ್ಮ ಬಿಡಲಿಲ್ಲ. ಅಂದಿನ ಚಹಾ ನಾನೇ ಮಾಡಿದೆ.